ಬೆಂಚಿನ ಮರ್ಯಾದೆ

ಜೈಲಿಗೆ ಭೇಟಿಗೆ ಬಂದವರು ಕಾಯುವ ಕೋಣೆಯಲ್ಲಿ ಇದ್ದುದು ಒಂದೇ ಬೆಂಚು. ಹೊಲಿಗೆಯಾಕೆ ಅದರ ತುದಿಯಲ್ಲಿ ಉಸ್ಸಪ್ಪಾ ಎಂದು ಕೂತಳೋ ಇಲ್ಲವೋ, ಪಕ್ಕದ ದಪ್ಪ ಹೆಂಗಸು ತಿರುಗಿ ಕೇಳಿದಳು, "ಯಾವ ಕೇಸಮ್ಮ ನಿಂದು?"

"ನನ್ನ ಮಗ ಒಳಗಿದ್ದಾನೆ."

"ಒಳಗಿರೋದಕ್ಕೇ ತಾನೇ ನಾವೆಲ್ಲ ಇಲ್ಲಿ ಬಂದಿರೋದು? ಏನು ಮಾಡಿ ಹೋದ ಅಂತ ಕೇಳ್ದೆ. ಕಳ್ಳತನ ಆದ್ರೆ ಅಲ್ಲಿ ಗೋಡೆ ಹತ್ರ ನಿಂತ್ಕೊ. ಈ ಬೆಂಚು ಕೊಲೆಯವರದ್ದು."

ಆ ಹೆಂಗಸನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದರು. ಅವಳ ಗಂಡ ಬೇಲಿ ಜಗಳದಲ್ಲಿ ಸ್ವಂತ ತಮ್ಮನನ್ನೇ ಕೊಂದು ಜೀವಾವಧಿ ಶಿಕ್ಷೆಗೆ ಗುರಿಯಾದವನು. ದೊಡ್ಡಮ್ಮನ ಬಾಯಲ್ಲಿ ಮಾತ್ರ ಅದು ಸಿಟ್ಟು ನೆತ್ತಿಗೇರಿತು, ಕೈ ಮೀರಿತು, ಅಷ್ಟೇ. "ನಮ್ಮವರು ಇನ್ನೊಬ್ಬರ ಒಂದು ಕಡ್ಡಿ ಮುಟ್ಟಿದೋರಲ್ಲ" ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದಳು. ಸರ್ಕಾರ ಏನು ಬೇಕಾದರೂ ಬರೆದುಕೊಳ್ಳಲಿ, ಆ ಕೋಣೆಯಲ್ಲಿ ನಡೆಯುತ್ತಿದ್ದುದು ಅವಳ ಕಾನೂನು. ಸಿಟ್ಟಿನಲ್ಲಿ ಕೊಂದವರು ಮರ್ಯಾದಸ್ಥರು, ಮೋಸ ಮಾಡಿದವರು ಬುದ್ಧಿವಂತರು, ಕಳ್ಳರು ಮಾತ್ರ ಥೂ. ಗೋಡೆ ಪಕ್ಕದಲ್ಲಿದ್ದ ಕಳ್ಳರ ಹೆಂಡಿರು, ಅಮ್ಮಂದಿರು ಅದನ್ನು ಒಪ್ಪಿಕೊಂಡೇ ತಲೆ ತಗ್ಗಿಸಿ ನಿಂತಿದ್ದರು, ಪಾಪ.

ಹೊಲಿಗೆಯಾಕೆಗೆ ಮಷೀನು ತುಳಿದು ತುಳಿದು ಮಂಡಿ ಸವೆದಿತ್ತು, ಏಳುವ ಹಾಗಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಹೆತ್ತ ಮಗನನ್ನು ಕಳ್ಳ ಅನ್ನಲು ನಾಲಿಗೆ ಏಳಲಿಲ್ಲ. ಆ ಪೆದ್ದ ಹುಡುಗ ಸ್ನೇಹಿತರ ಮಾತು ಕೇಳಿ, ನಿಲ್ಲಿಸಿದ್ದ ಲಾರಿಯ ಬ್ಯಾಟರಿ ಬಿಚ್ಚಿ, ಅದನ್ನು ಹೊತ್ತು ಓಡಲಾರದೆ ಸಿಕ್ಕಿಬಿದ್ದಿದ್ದ.

"ಕೊಲೆ" ಅಂದುಬಿಟ್ಟಳು.

"ಅಯ್ಯೋ, ಮೊದಲೇ ಹೇಳಬಾರದಾ!" ದೊಡ್ಡಮ್ಮ ಸರಿದು ಜಾಗ ಮಾಡಿದಳು. "ಸರಿಯಾಗಿ ಕೂತ್ಕೊ ತಾಯಿ. ಯಾರನ್ನ?"

ಇದು ಅವಳಿಗೆ ಹೊಳೆದೇ ಇರಲಿಲ್ಲ. ಕೊಂದವನಿದ್ದರೆ ಸತ್ತವನೂ ಒಬ್ಬ ಬೇಕಲ್ಲ! ಹೊರಗಿನವರನ್ನು ಸಾಯಿಸಿದರೆ ಆ ಮನೆಯವರ ಶಾಪ ತಟ್ಟೀತು ಎಂಬ ಹೆದರಿಕೆ. ತನ್ನವರಲ್ಲಿ ಹುಡುಕಿದರೆ ಸಿಕ್ಕವನು ಒಬ್ಬನೇ. "ಅವರಪ್ಪನ್ನ. ಕುಡಿದು ಬಂದು ನನ್ನ ಹೊಡೀತಿದ್ರು. ಮಗನಿಗೆ ತಡ್ಕೊಳ್ಳೋಕೆ ಆಗ್ಲಿಲ್ಲ..."

ಬೆಂಚೆಲ್ಲ ಲೊಚಗುಟ್ಟಿತು. "ಬಂಗಾರದಂಥ ಮಗ ಕಣಮ್ಮ" ಎಂದು ದೊಡ್ಡಮ್ಮ ತನ್ನ ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟಳು. ಆ ಹೊತ್ತಿಗೆ ಸತ್ತ ಅಪ್ಪ ಅಂಗಡಿಯಲ್ಲಿ ಕೂತು ಗಿರಾಕಿಗಳ ಅಂಗಿಗೆ ಗುಂಡಿ ಹಾಕುತ್ತಿದ್ದ. ಹೆಂಡತಿಯ ಮಾತಿರಲಿ, ಒಳಗೆ ನುಗ್ಗಿದ ಬೆಕ್ಕಿಗೂ ಗದರದ ಜೀವ ಅದು. ಅವಳು ಟೀ ಮುಗಿಸಿ ಭೇಟಿಗೆ ಒಳಗೆ ಹೋದಳು. ಜಾಲರಿಯ ಆಚೆ ಬಂದು ನಿಂತ ಮಗನ ಕಣ್ಣು ಊದಿಕೊಂಡಿತ್ತು. "ಜಾರಿ ಬಿದ್ದೆ" ಅಂದ ಅವನು.

ಮುಂದಿನ ಭೇಟಿಗೆ ಗಂಡನೂ ಹಟ ಹಿಡಿದು ಬಂದ. ಏನೋ ನೆಪ ಹೇಳಿ ಅವನನ್ನು ಗೇಟಿನಾಚೆ ಮರದಡಿ ನಿಲ್ಲಿಸಿ, ಮೊದಲು ತಾನೇ ಒಳಗೆ ಹೋದಳು. ಮಗನ ಕಣ್ಣಿನ ಊತ ಇಳಿದಿತ್ತು. ಜಾಲರಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ, "ಅಮ್ಮಾ, ನಾನು ಅಪ್ಪನ್ನ ಕೊಂದ್ನಂತೆ?"

"ತಪ್ಪಾಯ್ತು ಕಂದಾ. ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ಇವತ್ತೇ ದೊಡ್ಡಮ್ಮನ ಹತ್ರ ನಿಜ ಹೇಳ್ತೀನಿ."

"ಬೇಡಮ್ಮ, ನಿನ್ನ ದಮ್ಮಯ್ಯ! ಕಳ್ಳ ಅಂತ ದಿನಾ ಹೊಡೀತಿದ್ರು. ನನ್ನ ಊಟ ಕಿತ್ಕೊಂಡು ತಿಂದು, ನನ್ ಕೈಲಿ ಕಕ್ಕಸು ತೊಳೆಸ್ತಿದ್ರು. ಈಗ ದೊಡ್ಡಮ್ಮನ ಯಜಮಾನ್ರು ಎಲ್ಲರಿಗೂ ಹೇಳಿದ್ದಾರೆ. ಇವನು ಅಮ್ಮನಿಗೋಸ್ಕರ ಕೊಂದೋನು, ಹೇಳ್ಕೊಳ್ಳೋಕೆ ನಾಚಿಕೊಂಡು ಕಳ್ಳ ಅಂತ ಸುಳ್ಳು ಹೇಳ್ದ ಅಂತ. ಈಗ ಯಾರೂ ನನ್ನ ಮುಟ್ಟಲ್ಲ." ಅವನು ಅವಳ ಬೆನ್ನ ಹಿಂದೆ ಬಾಗಿಲ ಕಡೆ ಇಣುಕಿದ. "ಅಪ್ಪ ಬಂದಿದ್ದಾರಾ? ಒಳಗೆ ಕಳಿಸ್ಬೇಡಮ್ಮ."

ಮರದಡಿ ಅಳುತ್ತಲೇ ಅವಳು ಗಂಡನಿಗೆ ಎಲ್ಲ ಹೇಳಿದಳು. ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. "ಈಗ ಹೊಟ್ಟೆತುಂಬ ಊಟ ಮಾಡ್ತಾನಾ?" ಎಂದಷ್ಟೇ ಕೇಳಿ, ಅಂಗಿ ಕೊಡವಿಕೊಂಡು ಒಳಗೆ ನಡೆದ. ಅವಳು ಬೇಡ ಬೇಡ ಎನ್ನುತ್ತ ಹಿಂದೆಯೇ ಓಡಿದಳು.

ದೊಡ್ಡಮ್ಮ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ನೀವು ಹುಡುಗನಿಗೆ ಏನಾಗಬೇಕು?"

"ಚಿಕ್ಕಪ್ಪ."

"ಹಾಗಾದ್ರೆ ಸತ್ತೋನು ನಿಮ್ಮಣ್ಣ! ನೀವು ಬೇಜಾರು ಮಾಡ್ಕೊಂಡ್ರೂ ಸರಿ, ಹೇಳೇ ಹೇಳ್ತೀನಿ. ಇಂಥ ಹೆಂಡ್ತಿ ಮೇಲೆ ಕೈ ಮಾಡಿದೋನು ಮನುಷ್ಯನಾ?"

ಅವನು ಹೆಂಡತಿಯ ಕಡೆ ನೋಡಲಿಲ್ಲ. ನಿಧಾನವಾಗಿ ಬೆಂಚಿನ ತುದಿಯಲ್ಲಿ ಕೂತ.

"ಸರಿಯಾಗಿ ಹೇಳಿದ್ರಿ. ಅವನು ಸತ್ತಿದ್ದೇ ಒಳ್ಳೇದಾಯ್ತಮ್ಮ" ಅಂದ. "ನಮ್ಮ ಹುಡುಗ ಬದುಕಿಕೊಂಡ."