ಬಿಸಿಲು ಕಾಣದ ತಂಗಿ

ಸನ್‌ಸ್ಕ್ರೀನ್ ವಾಸನೆ ಬಂದರೆ ಇವತ್ತಿಗೂ ನನಗೆ ಅಮೆರಿಕದ ಡುಲುತ್‌ನ ಆ ಮಧ್ಯಾಹ್ನ ನೆನಪಾಗುತ್ತದೆ.

ಆಗ ನನಗೆ ಹನ್ನೆರಡು ವರ್ಷ, ತಂಗಿ ಮೇಘನಾಗೆ ಆರು. ನಾನು ಅಮ್ಮನ ಹಾಗೆ ಬೆಳ್ಳಗಿದ್ದೆ, ಅವಳು ಅಪ್ಪನ ಹಾಗೆ ಕಪ್ಪಗಿದ್ದಳು. ಮೈಸೂರಿನ ಅಜ್ಜಿ ಪ್ರತಿ ವಿಡಿಯೋ ಕಾಲ್‌ನಲ್ಲೂ, "ಚಿಕ್ಕದನ್ನ ಬಿಸಿಲಿಗೆ ಬಿಡ್ಬೇಡ ಕಣೇ" ಎನ್ನುತ್ತಿದ್ದಳು. ನಾನು ಬ್ಯಾಕ್‌ಯಾರ್ಡಿನಲ್ಲಿ ಆಡುವಾಗ ಮೇಘನಾ ಪರದೆ ಎಳೆದ ಹಾಲ್‌ನಲ್ಲಿರುತ್ತಿದ್ದಳು. ಅವಳು ಕಿಟಕಿ ಹತ್ತಿರ ಹೋದರೂ ಅಮ್ಮ ಮುಖಕ್ಕೆ ಅಂಟಂಟು ಸನ್‌ಸ್ಕ್ರೀನ್ ಮೆತ್ತುತ್ತಿದ್ದಳು.

ಅವತ್ತು ಮೇಘನಾ ಕುಂಟುತ್ತಾ ಬಂದು ಮನೆಯೊಳಗಿನ ಮೆಟ್ಟಿಲ ಮೇಲೆ ಕೂತು ಮೊಣಕಾಲು ಒತ್ತಿಕೊಳ್ಳುತ್ತಿದ್ದಳು. "ಅಮ್ಮಾ, ಲೆಗ್ಸ್ ನೋವು. ಪ್ಲೀಸ್ ಎತ್ಕೋ."

"ಕಪ್ಪಗಿರೋದು ಸಾಲ್ದು ಅಂತ ಕುಂಟೋದು ಬೇರೆನಾ? ಡ್ರಾಮಾ ಮಾಡ್ಬೇಡ, ಇಳಿ," ಎಂದಳು ಅಮ್ಮ.

ನಾನು ಮೇಘನಾಳ ಹಾಗೆ ಕುಂಟಿ ತೋರಿಸಿದೆ. ಅಮ್ಮ ನಕ್ಕಳು. ಮೇಘನಾ ಗಡಿಬಿಡಿಯಿಂದ ಇಳಿಯಲು ಹೋಗಿ ಬಿದ್ದಳು. ಬರೀ ಎರಡು ಮೆಟ್ಟಿಲು, ಆದರೂ ಕೈ ಮುರಿದಿತ್ತು.

ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿದ್ದ ಡಾಕ್ಟರ್ ಎಕ್ಸ್‌ರೇಯನ್ನು ತುಂಬ ಹೊತ್ತು ನೋಡಿದರು. ಮೂಳೆಗಳು ಮೆತ್ತಗಾಗಿವೆ, ವಿಟಮಿನ್ ಡಿ ಕೊರತೆ ಇರಬಹುದು ಎಂದರು. ಮಗು ಹೊರಗೆ ಆಡುತ್ತದಾ ಎಂದು ಕೇಳಿದರು.

"ಎವ್ರಿ ಡೇ, ಡಾಕ್ಟರ್," ಎಂದಳು ಅಮ್ಮ.

ಅವರು ನನ್ನ ಕಡೆ ತಿರುಗಿದರು. ನಾನು ಹೌದೆಂದು ತಲೆಯಾಡಿಸಿದೆ. ಕೊನೆಗೆ ಮೇಘನಾಳನ್ನೇ ಕೇಳಿದರು. ಅವಳು ಅಮ್ಮನ ಮುಖ ನೋಡಿ, "ಎವ್ರಿ ಡೇ," ಎಂದಳು.

ಅಮ್ಮ ಅವಳ ತಲೆ ಸವರಿದಳು. ಅಷ್ಟಕ್ಕೇ ಮೇಘನಾ ನೋವು ಮರೆತವಳಂತೆ ನಕ್ಕಳು.