ಅಪ್ಪನ ಮುಂಗೈಗೆ ಕಟ್ಟಿದ ಎಳೆ

ಮಕ್ಕಳ ಪಾಸ್‌ಪೋರ್ಟ್ ಇಡಲೆಂದು ಹಳೆಯ ಸೂಟ್‌ಕೇಸ್ ತೆರೆದೆ. ಅದರ ಒಳಜೇಬಿನಲ್ಲಿದ್ದ ಕೆಂಪು ನೂಲಿಗೆ ಇನ್ನೂ ಗಂಜಿಯ ವಾಸನೆಯಿದೆ.

ಅದನ್ನು ಕಟ್ಟಿದ ಮಧ್ಯಾಹ್ನ ಇಳಕಲ್ಲಿನ ನಮ್ಮ ಪಡಸಾಲೆಯಲ್ಲಿ ಅಪ್ಪ ಸಿಂಗಾಪುರದ ನಕ್ಷೆ ಹರಡಿಕೊಂಡಿದ್ದ. ನನಗೆ ಎಂಟು ವರ್ಷ, ತಮ್ಮನಿಗೆ ನಾಲ್ಕು. ಯಾವ ರೈಲು, ಯಾವ ಹೋಟೆಲು, ತಮ್ಮ ಹಟ ಹಿಡಿದರೆ ಕೊಡಲು ಎಷ್ಟು ಶೇಂಗಾ ಹೋಳಿಗೆ ಎಂದು ಅವ್ವ ಹಾಳೆಯಲ್ಲಿ ಬರೆಯುತ್ತಿದ್ದಳು. ಅಪ್ಪನ ತಾಯಿ, ನಮ್ಮ ಆಯಿ, ಮೂಲೆಯ ಮಗ್ಗದಲ್ಲಿ ಸೀರೆ ನೇಯುತ್ತಿದ್ದಳು.

"ಅಲ್ಲಿ ಮಂದಿ ಭಾಳ ಇರ್ತಾರೇನು?" ಆಯಿ ಕೇಳಿದಳು.

"ಇರ್ತಾರ ಬೇ. ಹುಡುಗರ ಕೈ ನಾ ಬಿಡಂಗಿಲ್ಲ," ಎಂದ ಅಪ್ಪ.

ಮಗ್ಗದ ಲಾಳಿ ನಿಂತಿತು. "ಅವತ್ತೂ ಹಿಂಗ ಅಂದಿದ್ದಿ."

ಅಪ್ಪನಿಗೊಬ್ಬ ತಮ್ಮನಿದ್ದ. ಬಾಗಲಕೋಟೆಯ ಬಸ್ ಸ್ಟ್ಯಾಂಡಿನಲ್ಲಿ ಹತ್ತು ವರ್ಷದ ಅಪ್ಪನ ಕೈ ಹಿಡಿದು ನಿಂತಿದ್ದವನು ಕಳೆದುಹೋದ, ಮತ್ತೆ ಸಿಗಲೇ ಇಲ್ಲ. ಅವನ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಅಪ್ಪ ನಕ್ಷೆ ಮಡಚಿದ. "ಬ್ಯಾಡ ಬಿಡು ಬೇ, ಹೋಗೂದಿಲ್ಲ."

ಆಯಿ ಮಗ್ಗದಿಂದೆದ್ದು ಬಂದಳು. ಕೆಂಪು ನೂಲಿನ ಒಂದು ತುದಿಯನ್ನು ನನ್ನ ತಮ್ಮನ ಮುಂಗೈಗೆ, ಇನ್ನೊಂದನ್ನು ಅಪ್ಪನ ಮುಂಗೈಗೆ ಕಟ್ಟಿದಳು. ಹರಿದ ಎಳೆ ಕೂಡಿಸುವಾಗ ನೇಕಾರರು ಹಾಕುವ, ಎಳೆದಷ್ಟೂ ಬಿಗಿಯಾಗುವ ಸಣ್ಣ ಗಂಟು ಅದು. ಕಟ್ಟಿಯಾದ ಮೇಲೂ ಅಪ್ಪನ ಕೈಯನ್ನು ಅವಳು ಬಿಡಲಿಲ್ಲ.

"ಆವಾಗ ನೀನೂ ಸಣ್ಣಾಂವ ಇದ್ದಿ," ಎಂದಳು. "ಅವನ್ನ ನಿನ್ನ ಕೈಯಾಗ ಬಿಟ್ಟು ಹೋದಾಕಿ ನಾ."

ಆಮೇಲೆ ಅಪ್ಪ ನಕ್ಷೆಯನ್ನು ಒಂದೇ ಕೈಯಿಂದ ಮತ್ತೆ ಬಿಡಿಸಿದ.