ಕೊನೆಯ ಕಂತು

ಮಕ್ಕಳ ಸಾಹಸದ ಪುಸ್ತಕಗಳಿಂದ ತೆಗೆದ ಆ ಹಳೆಯ ಧಾರಾವಾಹಿ ಮೊಬೈಲಿನಲ್ಲಿ ಸಿಕ್ಕಿದ್ದೇ ತಡ, ತಂಗಿ ಅಣ್ಣನ ಮನೆಗೆ ಬಂದಳು. "ನಿನ್ನ ಜೊತೇಲೇ ನೋಡ್ಬೇಕು ಅಂತ ಇನ್ನೂ ತೆಗೆದಿಲ್ಲ."

ಅಣ್ಣ ಊರುಗೋಲನ್ನು ಗೋಡೆಗೆ ಒರಗಿಸಿ ಕೂತ. "ಕೊನೇ ಕಂತು ಹಾಕು. ನಾನು ಬಿದ್ದು ನಿಂಗೂ ಅದು ಅರ್ಧಕ್ಕೇ ನಿಂತೋಯ್ತು, ಪಾಪ. ಆಮೇಲೆ ಟೀವೀಲಿ ಮತ್ತೆ ಬರ್ಲೂ ಇಲ್ಲ."

ಚಿಕ್ಕಂದಿನಲ್ಲಿ ಗಾಳಿ ಬಂದರೆ ಒಬ್ಬರು ತಾರಸಿಯಲ್ಲಿ ಆಂಟೆನಾ ಹಿಡಿದು ನಿಲ್ಲಬೇಕಿತ್ತು. ನಡುವಿನ ಜಾಹೀರಾತಿನವರೆಗೆ ಅಣ್ಣ, ಆಮೇಲೆ ತಂಗಿ. ಕೊನೆಯ ಕಂತಿನ ಭಾನುವಾರ "ಜಾಹೀರಾತು ಬಂತೇನೇ? ಕೈ ಸೋತೋಯ್ತು" ಎಂದು ಅವನು ಮೂರು ಸಲ ಕೂಗಿದ್ದ. ಮೂರು ಸಲವೂ ಅವಳು "ಇನ್ನೂ ಇಲ್ಲ" ಎಂದಿದ್ದಳು. ಆಮೇಲೆ ಅವನು ಕೆಳಗೆ ಬಿದ್ದಿದ್ದ.

ಮೊಬೈಲಿನಲ್ಲಿ ಮಕ್ಕಳು ಸುರಂಗಕ್ಕೆ ಇಳಿದರು. ಅದೇ ಸಂಗೀತ, ನಡುವೆ ಅದೇ ಸಾಬೂನಿನ ಜಾಹೀರಾತು. ಇಬ್ಬರ ಕಣ್ಣೂ ಒದ್ದೆಯಾದವು. ಜಾಹೀರಾತು ಮುಗಿದು ಕಥೆ ಮುಂದುವರಿಯಿತು. ಲಾಟೀನು ಹಿಡಿದ ಮುದುಕನೊಬ್ಬ ಕತ್ತಲಿಂದ ಬಂದ.

"ಇವನೇ ಕಳ್ಳ. ಪುಸ್ತಕ ಓದಿದೀನಲ್ಲ," ಎಂದ ಅಣ್ಣ.

"ಪುಸ್ತಕದಲ್ಲಿ ಹಾಗೆ. ಇದರಲ್ಲಿ ಇವನು ಅವರಪ್ಪ ಕಣೋ. ಈಗ ಅಂಟಿಸಿದ ಗಡ್ಡ ಕೀಳ್ತಾನೆ ನೋಡು."

ಮುದುಕ ಗಡ್ಡ ಕಿತ್ತ.

ಅಣ್ಣ ಪರದೆ ಬಿಟ್ಟು ತಂಗಿಯ ಕಡೆ ತಿರುಗಿದ. "ಅವತ್ತು ಜಾಹೀರಾತು ಯಾವಾಗ ಬಂದಿತ್ತೇ?"